ಬೀರುವಿನ ಬೀಗ ತೆಗೆದ ಮೇಲೆ

ಪುಸ್ತಕ ಕೊಡೋದು, ವಾಪಸ್ ತಗೊಳ್ಳೋದು, ‘ಸದ್ದು ಮಾಡಬೇಡಿ’ ಅನ್ನೋದು. ನಾನು ಶಾಲೆಯ ಲೈಬ್ರರಿಗೆ ಸೇರಿದಾಗ ನನ್ನಿಂದ ಬಯಸಿದ್ದು ಇಷ್ಟೇ. ಈಗ ದಿನದ ಹೆಚ್ಚು ಹೊತ್ತು ಬೇರೆ ಕೆಲಸಕ್ಕೇ ಹೋಗುತ್ತದೆ.

ಮೊದಲು ಬೀರುಗಳ ಬೀಗ ತೆಗೆಸಿದೆ. ಪುಸ್ತಕ ಇರುವುದು ಬಳಸೋಕೆ ಅಂತ ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ 1931ರಲ್ಲೇ ಲೈಬ್ರರಿಗಳ ಮೊದಲ ಸೂತ್ರವಾಗಿ ಬರೆದಿದ್ದಾರೆ. ಆದರೆ ಕಳೆದುಹೋದ ಪುಸ್ತಕಕ್ಕೆ ಲೆಕ್ಕ ಕೊಡಬೇಕಾದವರಿಗೆ ಬೀಗವೇ ಸಲೀಸು, ಅಲ್ವಾ? ಹಾಗಾಗಿ ವರ್ಷಕ್ಕೆ ನಾಲ್ಕಾರು ಪುಸ್ತಕ ಹೋದರೆ ನನ್ನ ತಲೆಗೆ ಕಟ್ಟುವುದಿಲ್ಲ ಅಂತ ಮುಖ್ಯಶಿಕ್ಷಕರಿಂದ ಮೊದಲೇ ಬರೆಸಿಕೊಂಡೆ.

ಆಮೇಲೆ ಲೈಬ್ರರಿಯ ಲೆಕ್ಕ ಇಡುವ ಕೋಹಾ ತಂತ್ರಾಂಶ ಹಾಕಿಸಿದೆವು. 2000ರಿಂದ ಬಳಕೆಯಲ್ಲಿದೆ, ದುಡ್ಡು ಕೊಡಬೇಕಿಲ್ಲ. ಬಾರ್‌ಕೋಡ್ ಅಂಟಿಸುವುದು ಬೇಜಾರಿನ ಕೆಲಸ, ಅಷ್ಟೇ. ರಿಜಿಸ್ಟರ್ ಬರೆಯುವ ಹೊತ್ತು ಉಳಿಯಿತು.

ಆ ಹೊತ್ತಲ್ಲಿ ವಿಜ್ಞಾನದ ಟೀಚರ್ ಜೊತೆ ಕೂತು ಲೈಬ್ರರಿ ಪೀರಿಯಡ್‌ಗೆ ಪಾಠ ಹೊಂದಿಸಿದೆ. ಮಕ್ಕಳಿಗೆ ಒಂದೇ ಪ್ರಶ್ನೆ: ಚೀನಾದ ಮಹಾಗೋಡೆ ಚಂದ್ರನಿಂದ ಕಾಣುತ್ತಾ? ನಮ್ಮದೇ ಕಪಾಟಿನ ಹಳೇ ಜಿಕೆ ಪುಸ್ತಕ ‘ಕಾಣುತ್ತೆ’ ಅನ್ನುತ್ತದೆ. ಅರ್ಧ ತರಗತಿ ಅದನ್ನೇ ಬರೆದುಕೊಂಡಿತು. ‘ಹೇಳಿದವರು ಯಾರು? ಮೇಲೆ ಹೋಗಿ ನೋಡಿದವರು ಏನಂದರು?’ ಅಂತ ಕೇಳಿದೆ. ಹುಡುಕಿದರು. 2003ರಲ್ಲಿ ಬಾಹ್ಯಾಕಾಶಕ್ಕೆ ಹೋದ ಚೀನಾದ ಯಾಂಗ್ ಲಿವೇ, ಭೂಮಿಗೆ ಅಷ್ಟು ಹತ್ತಿರದ ಕಕ್ಷೆಯಿಂದಲೂ ಗೋಡೆ ಕಾಣಲಿಲ್ಲ ಅಂದಿದ್ದರು. ಒಬ್ಬಳು ಲೆಕ್ಕಕ್ಕೇ ಇಳಿದಳು: ಗೋಡೆ ಎಷ್ಟೇ ಉದ್ದ ಇರಲಿ, ಅಗಲ ಕೆಲವೇ ಮೀಟರ್, ಚಂದ್ರ ಇರುವುದು ಸುಮಾರು 3,84,000 ಕಿ.ಮೀ. ದೂರದಲ್ಲಿ. ಅಚ್ಚಾದ ಪುಸ್ತಕವೂ ತಪ್ಪು ಹೇಳುತ್ತೆ ಅಂತ ಗೊತ್ತಾದಾಗ ಮಕ್ಕಳಿಗೆ ಆದ ಖುಷಿ ನೋಡಬೇಕಿತ್ತು! ಆ ಪುಸ್ತಕವನ್ನು ರದ್ದಿಗೆ ಹಾಕಿಲ್ಲ, ಪ್ರತಿ ವರ್ಷ ಬೇಕಾಗುತ್ತದೆ.

ಈಗ ಹೊಸ ತಲೆನೋವು ಎಐ ಚಾಟ್‌ಬಾಟ್. ಅದು ಕೊಟ್ಟ ಪುಸ್ತಕಗಳ ಪಟ್ಟಿ ಹಿಡಿದು ಮಕ್ಕಳು ಬರುತ್ತಾರೆ. ಲೇಖಕರ ಹೆಸರು ನಿಜ, ಪುಸ್ತಕ ಮಾತ್ರ ಯಾರೂ ಬರೆದೇ ಇಲ್ಲ! ಸುಮ್ನೆ ‘ಇಲ್ಲ’ ಅಂದು ಕಳಿಸುವುದಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು, ಜಗತ್ತಿನ ಸಾವಿರಾರು ಲೈಬ್ರರಿಗಳ ಪುಸ್ತಕ ಪಟ್ಟಿ ಒಂದೇ ಕಡೆ ಸಿಗುವ ವರ್ಲ್ಡ್‌ಕ್ಯಾಟ್ ಜಾಲತಾಣದಲ್ಲಿ ಹುಡುಕಿಸುತ್ತೇನೆ. ಅಲ್ಲಿ ಸಿಗದ ಮಾತ್ರಕ್ಕೆ ಪುಸ್ತಕವೇ ಇಲ್ಲ ಅನ್ನೋಕಾಗಲ್ಲ, ಪ್ರಕಾಶಕರ ಪಟ್ಟಿಯನ್ನೂ ನೋಡಬೇಕು. ಅಲ್ಲೂ ಸಿಗದಿದ್ದರೆ ಅದೇ ವಿಷಯದ ಬೇರೆ ಪುಸ್ತಕ ತೆಗೆದುಕೊಡುತ್ತೇನೆ. ನಿಜವಾಗಿಯೂ ಇರುವ ಪುಸ್ತಕವಾದರೆ ಮುಂದಿನ ಖರೀದಿ ಪಟ್ಟಿಗೆ ಸೇರಿಸಿ, ಕೇಳಿದ ಮಗುವಿನ ಹೆಸರನ್ನು ಪಕ್ಕದಲ್ಲಿ ಬರೆದುಕೊಳ್ಳುತ್ತೇನೆ.