ಬ್ಯಾಂಕ್ವೆಟ್ ಹುಡುಗರನ್ನು ಸಂಭಾಳಿಸುವುದು ಹೇಗೆ? ಹೊಸ ಕ್ಯಾಪ್ಟನ್‌ಗಳಿಗೆ ಒಂದಿಷ್ಟು ಮಾತು

ಮುಹೂರ್ತ ಜಾಸ್ತಿ ಇರುವ ವಾರ ಬೆಂಗಳೂರಿನ ಯಾವ ಹೋಟೆಲಿನ ಬ್ಯಾಂಕ್ವೆಟ್‌ಗೆ (ಮದುವೆ, ಪಾರ್ಟಿ ನಡೆಯುವ ಹಾಲ್) ಹೋದರೂ ಕಥೆ ಒಂದೇ. 40 ಹುಡುಗರನ್ನು ಕೇಳಿರುತ್ತೀರಿ, 31 ಜನ ಬಂದಿರುತ್ತಾರೆ. ಅವರಲ್ಲಿ ನಾಲ್ಕೈದು ಜನ ಚಪ್ಪಲಿಯಲ್ಲೇ ಬಂದಿರುತ್ತಾರೆ. ಸೇಲ್ಸ್‌ನವರು 400 ಪ್ಲೇಟ್ ಅಂದಿದ್ದರು, ಈಗ ಹುಡುಗಿಯ ಚಿಕ್ಕಪ್ಪ ಬಂದು 550 ಆಗಬಹುದು ಅನ್ನುತ್ತಿದ್ದಾರೆ. ಮೇಜಿನ ಬಟ್ಟೆ ಇನ್ನೂ ಲಾಂಡ್ರಿಯಲ್ಲೇ ಇದೆ. ಹೊಸದಾಗಿ ಕ್ಯಾಪ್ಟನ್, ಅಂದರೆ ಬಡಿಸುವ ಹುಡುಗರ ಮೇಲ್ವಿಚಾರಕ, ಆದವರು ಈ ಹೊತ್ತಿಗೆ ಎದುರಿಗೆ ಸಿಕ್ಕ ಹುಡುಗನ ಮೇಲೆ ಕೂಗಾಡಲು ಶುರು ಮಾಡುತ್ತಾರೆ.

ಆ ಹುಡುಗನದು ಏನೂ ತಪ್ಪಿರುವುದಿಲ್ಲ. ಹಾಲ್‌ನಲ್ಲಿ ಆಗುವ ಎಡವಟ್ಟುಗಳು ಹೆಚ್ಚಾಗಿ ಹಿಂದಿನ ದಿನವೇ ಆಫೀಸಿನಲ್ಲಿ ಹುಟ್ಟಿರುತ್ತವೆ. ಬೈಗುಳ ಮಾತ್ರ ಟ್ರೇ ಹಿಡಿದವನಿಗೆ. ಅದಕ್ಕೇ ಈ ಕೆಲಸ ಕಲಿಯುವವರಿಗೆ ನಾನು ಮೊದಲು ಹೇಳುವುದು ಇಷ್ಟು: ಮಾಹಿತಿ, ಹೊಟ್ಟೆ, ಕೂಲಿ, ಮನೆಗೆ ಹೋಗುವ ದಾರಿ, ಈ ನಾಲ್ಕನ್ನು ನೀವು ನೋಡಿಕೊಳ್ಳಿ. ಉಳಿದದ್ದನ್ನು ಹುಡುಗರು ನೋಡಿಕೊಳ್ಳುತ್ತಾರೆ.

ಮೊದಲು ಎಫ್‌ಪಿ ಓದಿ

ಫಂಕ್ಷನ್ ಪ್ರಾಸ್ಪೆಕ್ಟಸ್ ಅಂದರೆ ಎಫ್‌ಪಿ. ಕೆಲವು ಕಡೆ ಬಿಇಒ (ಬ್ಯಾಂಕ್ವೆಟ್ ಈವೆಂಟ್ ಆರ್ಡರ್) ಅಂತಾರೆ. ಸೇಲ್ಸ್‌ನವರು ಪಾರ್ಟಿಯ, ಅಂದರೆ ಫಂಕ್ಷನ್ ಮಾಡಿಸುವವರ, ಜೊತೆ ಮಾತಾಡಿ ಬರೆದು ಕಳಿಸುವ ಹಾಳೆ ಇದು. ಇದು ಕೈಗೆ ಬಂದ ತಕ್ಷಣ ಓದಿ, ಫೈಲಿಗೆ ಸೇರಿಸಿ ಸುಮ್ನೆ ಇರಬೇಡಿ. ಗ್ಯಾರಂಟಿ, ಅಂದರೆ ಖಚಿತ ಮಾಡಿದ ಪ್ಲೇಟ್, ಎಷ್ಟು, ಅದಕ್ಕಿಂತ ಎಷ್ಟು ಜಾಸ್ತಿ ಬಂದರೂ ಅಡುಗೆ ಸಾಕಾಗುತ್ತದೆ, ಪ್ಲೇಟ್ ಲೆಕ್ಕ ಹಾಕುವವರು ಯಾರು, ಪಾರ್ಟಿ ಕಡೆಯಿಂದ ಸಹಿ ಹಾಕುವವರು ಯಾರು, ಇಷ್ಟು ಹಾಳೆಯಲ್ಲಿ ಇರಲೇಬೇಕು. ಇಲ್ಲದಿದ್ದರೆ ಸೇಲ್ಸ್‌ನವರ ಹತ್ತಿರ ವಾಪಸ್ ಹೋಗಿ ಬರೆಸಿಕೊಂಡು ಬನ್ನಿ. ಅವರಿಗೆ ಕಿರಿಕಿರಿ ಆಗುತ್ತದೆ, ಆಗಲಿ. ರಾತ್ರಿ 12 ಗಂಟೆಗೆ "ನಾವು 400 ಅಂದಿದ್ದು, ನಿಮ್ಮ ಹುಡುಗರು ತಪ್ಪು ಎಣಿಸಿದ್ದಾರೆ" ಅಂತ ಜಗಳ ಬಂದಾಗ ಅಲ್ಲಿ ನಿಲ್ಲುವುದು ಸೇಲ್ಸ್‌ನವರಲ್ಲ, ನಿಮ್ಮ ಹುಡುಗ.

ಪಾರ್ಟಿ ಕಡೆಯಿಂದ ಒಬ್ಬರೇ ಒಬ್ಬರನ್ನು ಗೊತ್ತು ಮಾಡಿಕೊಳ್ಳಿ. ಮದುವೆ ಮನೆಯಲ್ಲಿ ಎಲ್ಲರೂ ಯಜಮಾನರೇ. ಅತ್ತೆ ಕಾಫಿ ಕೌಂಟರ್ ಈ ಕಡೆ ಹಾಕಿ ಅಂತಾರೆ, ಮಾವ ಆ ಕಡೆ ಅಂತಾರೆ, ಹುಡುಗರು ಮೇಜು ಹೊತ್ತುಕೊಂಡು ಸುತ್ತುತ್ತಾರೆ. "ಬದಲಾವಣೆ ಏನಿದ್ದರೂ ಇವರು ಹೇಳಿದರೆ ಮಾತ್ರ, ಅದೂ ನನಗೆ ಹೇಳಿದರೆ ಮಾತ್ರ" ಅನ್ನುವುದು ಹುಡುಗರಿಗೂ ಪಾರ್ಟಿಗೂ ಮೊದಲೇ ಗೊತ್ತಿರಲಿ. ನಯವಾಗಿಯೇ ಹೇಳಿ, ಆದರೆ ಹೇಳಿ.

ಬರ್ತೀನಿ ಅಂದವರು ಬರಬೇಕಾದರೆ

ಹೋಟೆಲಿನ ಖಾಯಂ ಸಿಬ್ಬಂದಿ ಕಡಿಮೆ. ದೊಡ್ಡ ಫಂಕ್ಷನ್ ನಡೆಯುವುದು ದಿನಗೂಲಿಗೆ ಬರುವ ಕ್ಯಾಶುವಲ್ ಹುಡುಗರ ಮೇಲೆ. ಕಾಲೇಜು ಹುಡುಗರು, ಹೋಟೆಲ್ ಮ್ಯಾನೇಜ್‌ಮೆಂಟ್ ಟ್ರೇನಿಗಳು, ಅಸ್ಸಾಂ, ಒಡಿಶಾ, ಬಂಗಾಳ, ನೇಪಾಳದಿಂದ ಬಂದು ಐದಾರು ಜನ ಒಂದೇ ರೂಮಿನಲ್ಲಿ ಇರುವವರು. ಇವರನ್ನು ಕಳಿಸುವುದು ಕಾಂಟ್ರಾಕ್ಟರ್. ಒಳ್ಳೆಯ ಮುಹೂರ್ತದ ದಿನ ಒಂದೇ ಹುಡುಗನನ್ನು ಮೂರು ಹಾಲ್‌ಗೆ ಕೊಡುತ್ತೇನೆ ಅಂತ ಒಪ್ಪಿಕೊಂಡಿರುತ್ತಾನೆ. ಯಾರು ಜಾಸ್ತಿ ಕೊಡುತ್ತಾರೋ ಅಲ್ಲಿಗೆ ಕಳಿಸುತ್ತಾನೆ.

ಇದಕ್ಕೆ ಒಂದು ದಾರಿ ಇದೆ. ಕಾಂಟ್ರಾಕ್ಟರ್ ಹತ್ತಿರ ತಲೆ ಲೆಕ್ಕ ಕೇಳಬೇಡಿ, ಹೆಸರು ಕೇಳಿ. ಹಿಂದಿನ ದಿನ ಸಂಜೆಯೊಳಗೆ ಹೆಸರು, ಫೋನ್ ನಂಬರ್ ಪಟ್ಟಿ ಬರಬೇಕು. ಆ ಪಟ್ಟಿಯಲ್ಲಿ ನಿಮಗೆ ಗೊತ್ತಿರುವ ನಾಲ್ಕು ಜನಕ್ಕೆ ನೀವೇ ಫೋನ್ ಮಾಡಿ. ಅವರಿಗೆ ಈ ಫಂಕ್ಷನ್ ಗೊತ್ತೇ ಇಲ್ಲ ಅಂದರೆ ಪಟ್ಟಿ ಸುಳ್ಳು ಅಂತ ಅರ್ಥ, ಎರಡನೇ ಕಾಂಟ್ರಾಕ್ಟರ್‌ಗೆ ಆಗಲೇ ಹೇಳಿ. ಬಫೆಗೆ 25ರಿಂದ 30 ಅತಿಥಿಗಳಿಗೆ ಒಬ್ಬ ಹುಡುಗ ಅಂತ ಲೆಕ್ಕ ಇಟ್ಟುಕೊಂಡರೆ ಸಾಮಾನ್ಯವಾಗಿ ನಡೆಯುತ್ತದೆ. ಮೇಜಿಗೇ ತಂದು ಬಡಿಸುವ ಊಟವಾದರೆ ಒಂದು ಹತ್ತು ಜನರ ದುಂಡು ಮೇಜಿಗೆ ಒಬ್ಬ ಬೇಕು. ಅದರ ಮೇಲೆ ಹತ್ತರಲ್ಲಿ ಒಬ್ಬ ಬರುವುದಿಲ್ಲ ಅಂತ ಲೆಕ್ಕ ಹಾಕಿ ಜಾಸ್ತಿ ಕೇಳಿ.

ಇನ್ನು ಕೂಲಿ. ಹುಡುಗರು ಒಂದು ಹೋಟೆಲಿಗೆ ಮತ್ತೆ ಮತ್ತೆ ಬರುವುದು ಅಲ್ಲಿ ದುಡ್ಡು ಅದೇ ರಾತ್ರಿ ಸಿಗುತ್ತದೆ ಅನ್ನುವ ನಂಬಿಕೆಯ ಮೇಲೆ. "ಕಾಂಟ್ರಾಕ್ಟರ್ ಮುಂದಿನ ವಾರ ಕೊಡ್ತಾನೆ" ಅಂತ ಕಳಿಸಿದರೆ ಆ ಹುಡುಗ ವಾಪಸ್ ಬರಲ್ಲ, ಅವನ ರೂಮಿನ ಉಳಿದ ಐದು ಜನವೂ ಬರಲ್ಲ. ಕೂಲಿ ಕೊಡುವಾಗ ಹೋಟೆಲಿನ ಒಬ್ಬರು ಎದುರಿಗೆ ನಿಂತಿರಲಿ. ಕಾಂಟ್ರಾಕ್ಟರ್ ಎಷ್ಟು ಕೊಡುತ್ತಿದ್ದಾನೆ, ಎಷ್ಟು ಹಿಡಿಯುತ್ತಿದ್ದಾನೆ ಅನ್ನುವುದು ನಿಮಗೆ ಗೊತ್ತಿರಬೇಕು. 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆ ಬಂದಾಗಿನಿಂದ ಕಾನೂನೂ ಇದನ್ನೇ ಹೇಳಿಕೊಂಡು ಬಂದಿದೆ: ಗುತ್ತಿಗೆದಾರ ಕೂಲಿ ಕೊಡದಿದ್ದರೆ ಕೊಡುವ ಹೊಣೆ ಕೆಲಸ ಮಾಡಿಸಿಕೊಂಡವರದು. ಖಾಯಂ ಹುಡುಗರ ವಿಷಯದಲ್ಲೂ ಅಷ್ಟೆ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಹೋಟೆಲಿಗೂ ಅನ್ವಯಿಸುತ್ತದೆ. ಓವರ್‌ಟೈಮ್‌ಗೆ ಎರಡುಪಟ್ಟು ಕೂಲಿ ಅಂತ ಅದರಲ್ಲಿ ಸ್ಪಷ್ಟವಾಗಿದೆ. "ಅಡ್ಜಸ್ಟ್ ಮಾಡ್ಕೋ" ಅನ್ನುವ ಮಾತನ್ನು ಬಿಡಿ, ಸಮಯ ಬರೆದಿಡಿ.

ಬಂದವರಿಗೆ ಮೊದಲು ಊಟ

ಸಂಜೆ 4ಕ್ಕೆ ಬಂದವನಿಗೆ ರಾತ್ರಿ 12ರ ಮೇಲೆ, ಉಳಿದ ಅನ್ನ ತಣ್ಣಗಾದ ಮೇಲೆ ಊಟ ಹಾಕುವ ಪದ್ಧತಿ ಬಹಳ ಕಡೆ ಇದೆ. ಇದು ನನಗೆ ಯಾವತ್ತೂ ಸಹಿಸಲು ಆಗಿಲ್ಲ. ಎಂಟು ಗಂಟೆ ಹೊತ್ತು ಬೇರೆಯವರ ತಟ್ಟೆಗೆ ಬಿರಿಯಾನಿ ಹಾಕುವವನ ಹೊಟ್ಟೆ ಖಾಲಿ ಇದ್ದರೆ ಅವನು ಪ್ಯಾಂಟ್ರಿಯಲ್ಲಿ ನಿಂತು ಕಬಾಬ್ ಬಾಯಿಗೆ ಹಾಕಿಕೊಳ್ಳುತ್ತಾನೆ, ಇನ್ನೇನು ಮಾಡುತ್ತಾನೆ? ಅದನ್ನು ಕಳ್ಳತನ ಅಂತ ಕರೆದು ಅವಮಾನ ಮಾಡುವ ಬದಲು 5 ಗಂಟೆಗೆ ಎಲ್ಲರನ್ನೂ ಸ್ಟಾಫ್ ಕ್ಯಾಂಟೀನಿಗೆ ಕಳಿಸಿ. ಬಿಸಿ ಊಟ, ಕೂತು ತಿನ್ನಲು 20 ನಿಮಿಷ. ಈ ಖರ್ಚಿಗೆ ಮ್ಯಾನೇಜರ್ ಒಪ್ಪದಿದ್ದರೆ ಹಟ ಹಿಡಿಯಿರಿ. ಇದೊಂದು ಮಾಡಿದರೆ ಅರ್ಧ ಕಿರಿಕಿರಿ ಕಡಿಮೆಯಾಗುತ್ತದೆ.

ಶೂ, ಸಾಕ್ಸ್ ವಿಷಯ ಚಿಕ್ಕದು. ಬ್ಯಾಕ್ ಏರಿಯಾದಲ್ಲಿ ಒಂದು ಕಪಾಟಿನಲ್ಲಿ 6ರಿಂದ 10ನೇ ಸೈಜ್‌ವರೆಗೆ ಕಪ್ಪು ಶೂ ಇಟ್ಟಿರಿ, ಹೊಸ ಸಾಕ್ಸ್ ಇಟ್ಟಿರಿ. ಚಪ್ಪಲಿಯಲ್ಲಿ ಬಂದವನನ್ನು ವಾಪಸ್ ಕಳಿಸಿ ಒಬ್ಬನನ್ನು ಕಳೆದುಕೊಳ್ಳುವುದಕ್ಕಿಂತ ಇದು ಸುಲಭ.

ಬ್ರೀಫಿಂಗ್ ಹತ್ತು ನಿಮಿಷ ಸಾಕು

ಭಾಷಣ ಬೇಡ. ಇವತ್ತು ಯಾರ ಮನೆ ಫಂಕ್ಷನ್, ಏನೇನು ಅಡುಗೆ, ಯಾವುದರಲ್ಲಿ ಕಡಲೆಬೀಜ ಅಥವಾ ಗೋಡಂಬಿ ಇದೆ, ಯಾವುದು ಈರುಳ್ಳಿ ಬೆಳ್ಳುಳ್ಳಿ ಇಲ್ಲದ್ದು, ಯಾರು ಎಲ್ಲಿ ನಿಲ್ಲಬೇಕು. ಹುಡುಗರಿಗೆ ಅಡುಗೆಯ ಹೆಸರು ಬರದಿದ್ದರೆ ರುಚಿ ನೋಡಿಸಿ, ಹೆಸರು ತಾನಾಗೇ ನೆನಪಿರುತ್ತದೆ. ವೆಜ್ ಕೌಂಟರಿನ ಚಮಚ ನಾನ್‌ವೆಜ್ ಕಡೆ ಹೋಗಬಾರದು. ಇದನ್ನು ಪ್ರತಿ ಸಲ ಹೇಳಿ, ಬೇಜಾರಾದರೂ ಹೇಳಿ, ಯಾಕಂದರೆ ಇದೊಂದು ತಪ್ಪಾದರೆ ನಾವು ಎಷ್ಟು ಕ್ಷಮೆ ಕೇಳಿದರೂ ಆ ಮನೆಯವರಿಗೆ ಸಮಾಧಾನ ಆಗುವುದಿಲ್ಲ.

ಹೊರಗಿನ ಹುಡುಗರಿಗೆ ನಾಲ್ಕು ಕನ್ನಡ ಮಾತು ಕಲಿಸಿ. "ಇನ್ನೂ ಸ್ವಲ್ಪ ಹಾಕ್ಲಾ ಅಜ್ಜಿ?", "ನೀರು ಬೇಕಾ?", "ಬಿಸಿ ಇದೆ, ಹುಷಾರು", "ಇದು ವೆಜ್." ಹಳ್ಳಿಯಿಂದ ಬಂದ ಅಜ್ಜಿಗೆ ಹಿಂದಿ ಬರಲ್ಲ, ಇಂಗ್ಲಿಷ್ ಬರಲ್ಲ, ಏನು ಕೇಳಬೇಕೋ ಗೊತ್ತಾಗದೆ ಬರೀ ಅನ್ನ ಮೊಸರು ತಿಂದು ಎದ್ದು ಹೋಗುತ್ತಾರೆ. ಅದು ಆಗಬಾರದು. ಹುಡುಗರೂ ಖುಷಿಯಿಂದ ಕಲಿಯುತ್ತಾರೆ, ಅಜ್ಜಿಯರು ಅವರ ಊರು ಯಾವುದು ಅಂತ ಕೇಳಿದಾಗ ಅವರ ಮುಖ ನೋಡಬೇಕು.

ನೂಕುನುಗ್ಗಲಿನ ಹೊತ್ತು

ಕಾರ್ಡಿನಲ್ಲಿ 7 ಗಂಟೆ ಅಂತ ಇದ್ದರೂ ನಮ್ಮ ರಿಸೆಪ್ಷನ್‌ಗೆ ಜನ ತುಂಬುವುದು 8ರ ಮೇಲೆ. ಅರ್ಧ ಜನ ಸ್ಟೇಜಿನ ಕ್ಯೂ ಉದ್ದ ಇದೆ ಅಂತ ಮೊದಲು ಊಟಕ್ಕೇ ಬರುತ್ತಾರೆ. ಲಾನ್‌ನಲ್ಲಿ ಫಂಕ್ಷನ್ ಇದ್ದರೆ ಇನ್ನೊಂದು ವಿಷಯ ನೆನಪಿಡಿ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. 10ಕ್ಕೆ ಡಿಜೆ ನಿಲ್ಲುತ್ತದೆ, ಕುಣಿಯುತ್ತಿದ್ದವರೆಲ್ಲ ಒಟ್ಟಿಗೆ ಬಫೆಗೆ ನುಗ್ಗುತ್ತಾರೆ. ಆಗಲೇ ನಿಮ್ಮ ಹುಡುಗರು ಬ್ರೇಕ್‌ಗೆ ಹೋಗಿದ್ದರೆ ಕಷ್ಟ. ಬ್ರೇಕ್‌ಗಳನ್ನು 9ರಿಂದ 9:45ರೊಳಗೆ ಸರದಿಯಲ್ಲಿ ಮುಗಿಸಿ.

ರೀಫಿಲ್‌ಗೆ ಅಂತಲೇ ಒಬ್ಬನನ್ನು ಇಡಿ. ಅವನು ಪ್ಲೇಟ್ ಎತ್ತಬಾರದು, ನೀರು ಕೊಡಬಾರದು. ಚೇಫಿಂಗ್ ಡಿಶ್‌ಗಳ (ಬಫೆಯಲ್ಲಿ ಅಡುಗೆ ಬಿಸಿಯಾಗಿಡುವ ಪಾತ್ರೆ) ಹಿಂದೆ ಓಡಾಡುತ್ತಾ ಯಾವುದು ಮೂರನೇ ಒಂದು ಭಾಗಕ್ಕೆ ಇಳಿದಿದೆ ಅಂತ ನೋಡಿ ಕಿಚನ್‌ಗೆ ಹೇಳುವುದಷ್ಟೇ ಅವನ ಕೆಲಸ. ಪೂರ್ತಿ ಖಾಲಿಯಾದ ಮೇಲೆ ಹೇಳಿದರೆ, ಅದರಲ್ಲೂ ಕಿಚನ್ ಬೇರೆ ಮಹಡಿಯಲ್ಲಿದ್ದು ಸರ್ವಿಸ್ ಲಿಫ್ಟ್ ಒಂದೇ ಇದ್ದರೆ, ಅತಿಥಿಗಳು ಖಾಲಿ ಪಾತ್ರೆ ನೋಡುತ್ತಾ ನಿಲ್ಲಬೇಕಾಗುತ್ತದೆ. ಆಮೇಲೆ ಶೆಫ್ ಸರ್ವಿಸ್‌ನವರನ್ನು ಬೈಯುವುದು, ಇವರು ಅವರನ್ನು ಬೈಯುವುದು. ಚೇಫಿಂಗ್ ಡಿಶ್‌ಗೆ ಹಾಕುವ ನೀರು ಕುದಿಯುವ ಹಾಗೆ ಬಿಸಿ ಇರಲಿ. ನಲ್ಲಿಯ ತಣ್ಣೀರು ಹಾಕಿ ಕೆಳಗೆ ಉರಿಯುವ ಜೆಲ್ ಹಚ್ಚಿದರೆ ಅದು ಕಾಯುವ ಹೊತ್ತಿಗೆ ಸಾರು ತಣ್ಣಗಾಗಿರುತ್ತದೆ. ಬಿಸಿ ಅಡುಗೆ 60 ಡಿಗ್ರಿಗಿಂತ ಕೆಳಗೆ ಇಳಿಯಬಾರದು ಅನ್ನುವುದು ಹುಡುಗರಿಗೂ ಗೊತ್ತಿರಲಿ.

"ಪ್ಲೇಟ್ ಇಲ್ಲ" ಅನ್ನುವ ಕೂಗು ಬಂದರೆ ಹಾಲ್‌ನಲ್ಲಿ ಹುಡುಕಬೇಡಿ, ಪಾತ್ರೆ ತೊಳೆಯುವ ಜಾಗಕ್ಕೆ ಹೋಗಿ. ಅಲ್ಲಿ ಇಬ್ಬರೇ ಇರುತ್ತಾರೆ, ಎದುರಿಗೆ ಪ್ಲೇಟಿನ ರಾಶಿ. ಅವರ ಜೊತೆಗೆ ಒಬ್ಬನನ್ನು ಎಂಜಲು ಬಳಿದು ಪ್ಲೇಟ್ ಜೋಡಿಸಲು ನಿಲ್ಲಿಸಿ. ಸ್ಪೂನ್‌ಗಳೂ ಅಲ್ಲೇ ಕಳೆಯುವುದು. ಟಿಶ್ಯೂ ಜೊತೆ ಕಸದ ಡ್ರಮ್ಮಿಗೆ ಹೋಗುತ್ತವೆ. ಹುಡುಗರ ಬ್ಯಾಗ್ ತಡಕುವ ಮೊದಲು ಡ್ರಮ್ ತಡಕಿ, ಅದರ ಬಾಯಿಗೆ ಮ್ಯಾಗ್ನೆಟ್ ಇರುವ ಮುಚ್ಚಳ ಹಾಕಿಸಿ. ಒಡೆದ ಗ್ಲಾಸಿನ ದುಡ್ಡನ್ನು ದಿನಗೂಲಿಯವನ ಕೂಲಿಯಲ್ಲಿ ಹಿಡಿಯಬೇಡಿ.

ಎಲೆ ಊಟವಾದರೆ ಲೆಕ್ಕ ಬೇರೆ. ಪಂಕ್ತಿಗೆ ಬಡಿಸುವುದು ಗೊತ್ತಿಲ್ಲದವರನ್ನು ಇಳಿಸಬೇಡಿ. ಎಲೆಯ ತುದಿ ಕೂತವರ ಎಡಕ್ಕೆ ಬರಬೇಕು, ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ ತಮ್ಮ ತಮ್ಮ ಜಾಗದಲ್ಲಿ ಬೀಳಬೇಕು, ಅನ್ನದ ಮೇಲೆ ತೊವ್ವೆ ಬಂದ ಹಿಂದೆಯೇ ತುಪ್ಪ ಬರಬೇಕು. ಸಾರು ಬಂದ ಮೇಲೆ ತುಪ್ಪ ತಂದರೆ ಹಿರಿಯರು ಅಲ್ಲೇ ಹೇಳುತ್ತಾರೆ. ಗೊತ್ತಿರುವವರನ್ನು ಸಾಲಿನ ಮುಂದೆ ಬಿಡಿ, ಕಲಿಯುವವರಿಗೆ ನೀರು, ಹಪ್ಪಳ ಕೊಡಿ.

ಇನ್ನೊಂದು ವಿಷಯ, ಇದನ್ನು ಗಟ್ಟಿಯಾಗಿಯೇ ಹೇಳುತ್ತೇನೆ. ಬಾರ್ ಇರುವ ಪಾರ್ಟಿಯಲ್ಲಿ ಯಾರಾದರೂ ನಿಮ್ಮ ಹುಡುಗಿಯರ ಜೊತೆ ಕೆಟ್ಟದಾಗಿ ಮಾತಾಡಿದರೆ, ಕೈ ಹಿಡಿದರೆ, "ಗೆಸ್ಟ್ ಅಲ್ವಾ, ಬಿಡು" ಅನ್ನಬೇಡಿ. ಅವಳನ್ನು ತಕ್ಷಣ ಆ ಕಡೆಯಿಂದ ಕರೆದು ಬೇರೆ ಕೆಲಸಕ್ಕೆ ಹಾಕಿ, ನೀವೇ ಅಲ್ಲಿ ಹೋಗಿ ನಿಲ್ಲಿ, ಪಾರ್ಟಿಯ ಜವಾಬ್ದಾರಿ ಇರುವವರಿಗೆ ಹೇಳಿ, ಸೆಕ್ಯುರಿಟಿಗೆ ಹೇಳಿ, ಬರೆದಿಡಿ. ನಿಮ್ಮ ಕ್ಯಾಪ್ಟನ್ ನಿಮ್ಮ ಪರ ನಿಲ್ಲುತ್ತಾನೆ ಅಂತ ತಂಡಕ್ಕೆ ಗೊತ್ತಾಗುವುದು ಇಂಥ ಹೊತ್ತಲ್ಲೇ.

ಮುಗಿದ ಮೇಲೆ

ಟಿಪ್ಸ್ ಕ್ಯಾಪ್ಟನ್ ಕೈಗೆ ಬರುತ್ತದೆ, ಗುಸುಗುಸು ಶುರುವಾಗುವುದೂ ಅಲ್ಲಿಂದಲೇ. ಕೊಟ್ಟದ್ದು ಎಷ್ಟು ಅಂತ ಎಲ್ಲರ ಎದುರು ಹೇಳಿ, ಪಾತ್ರೆ ತೊಳೆದವರನ್ನೂ ಸೇರಿಸಿ ಅಲ್ಲೇ ಹಂಚಿ.

ನಮ್ಮ ಮದುವೆಗಳಲ್ಲಿ ದೊಡ್ಡ ತೊಂದರೆ ಏನೆಂದರೆ ಹಿಂದಿನ ರಾತ್ರಿ ರಿಸೆಪ್ಷನ್, ಮಾರನೇ ಬೆಳಗ್ಗೆ ಮುಹೂರ್ತ. ರಾತ್ರಿ 1 ಗಂಟೆಗೆ ಹಾಲ್ ಖಾಲಿ ಮಾಡಿದವನೇ ಬೆಳಗ್ಗೆ 6ಕ್ಕೆ ಇಡ್ಲಿ, ಕಾಫಿ ಕೊಡಬೇಕು. ಆಗ ಮೆಟ್ರೋ ಇರಲ್ಲ, ಆಟೋದವರು ಕೇಳುವ ದುಡ್ಡಿಗೆ ಅವನ ಕೂಲಿಯಲ್ಲಿ ದೊಡ್ಡ ಪಾಲು ಹೋಗುತ್ತದೆ. ಸಾಧ್ಯವಾದಷ್ಟೂ ಎರಡು ತಂಡ ಮಾಡಿ, ಬೆಳಗಿನವರನ್ನು ರಾತ್ರಿ 9ಕ್ಕೇ ಬಿಡಿ. ಆಗುವುದೇ ಇಲ್ಲ ಅಂದರೆ ಮಲಗಲು ಹಾಸಿಗೆ, ಫ್ಯಾನ್ ಇರುವ ಜಾಗ ಕೊಡಿ, ಮೇಜಿನ ಬಟ್ಟೆ ಹಾಸಿಕೊಂಡು ಸ್ಟೋರಿನಲ್ಲಿ ಮಲಗುವ ಹಾಗೆ ಮಾಡಬೇಡಿ. ತಡವಾಗಿ ಹೋಗುವವರಿಗೆ ಗಾಡಿ ಇರಬೇಕು, ಹೆಣ್ಣುಮಕ್ಕಳಿಗಂತೂ ಮನೆ ಬಾಗಿಲಿನವರೆಗೆ. ಈ ಖರ್ಚನ್ನು ಎಫ್‌ಪಿ ಮಾಡುವಾಗಲೇ ಸೇರಿಸಲು ಸೇಲ್ಸ್‌ನವರಿಗೆ ಹೇಳಿ, ಕೊನೆಗೆ ಕೇಳಿದರೆ ಯಾರೂ ಕೊಡಲ್ಲ.

ಆಷಾಢದಲ್ಲಿ, ಧನುರ್ಮಾಸದಲ್ಲಿ ಮದುವೆ ಇರುವುದಿಲ್ಲ. ಕಾನ್ಫರೆನ್ಸ್ ಬಿಟ್ಟರೆ ಹಾಲ್ ಖಾಲಿ, ಕ್ಯಾಶುವಲ್ ಹುಡುಗರು ಬೇರೆ ಕೆಲಸ ಹುಡುಕಿಕೊಂಡು ಹೋಗಿಬಿಡುತ್ತಾರೆ. ಆ ದಿನಗಳಲ್ಲಿ ಒಳ್ಳೆಯ ಹತ್ತು ಹನ್ನೆರಡು ಜನರನ್ನಾದರೂ ಹಿಡಿದಿಟ್ಟುಕೊಳ್ಳಿ. ಸಿಕ್ಕಷ್ಟು ದಿನದ ಕೆಲಸ ಅವರಿಗೇ ಕೊಡಿ, ಟ್ರೇ ಹಿಡಿಯುವುದು, ಎಲೆಗೆ ಬಡಿಸುವುದು ಕಲಿಸಿ, ಬಟ್ಟೆ, ಸ್ಪೂನ್, ಗ್ಲಾಸ್ ಲೆಕ್ಕ ಅವರಿಂದಲೇ ಮಾಡಿಸಿ. ಶ್ರಾವಣ ಬಂದ ಕೂಡಲೇ ಮೊದಲ ಫೋನ್ ಅವರಿಗೆ ಮಾಡಿ, ಕಾಂಟ್ರಾಕ್ಟರ್‌ಗೆ ಆಮೇಲೆ.