ಬಾಡಿಗೆ ಮನೆಗೆ ಬಂದ ನೆಂಟರು ಅಲ್ಲೇ ಉಳಿದುಬಿಟ್ಟರೆ

ದಸರಾ ನೋಡಲು ಬಂದ ನೆಂಟರು ಹತ್ತು ದಿನ ಇದ್ದು ಹೋದರೆ ಮೈಸೂರಿನಲ್ಲಿ ಯಾವ ಮನೆ ಮಾಲೀಕರೂ ಕೇಳುವುದಿಲ್ಲ, ಕೇಳಲೂಬಾರದು. ಆದರೆ ನಾಗಮಂಗಲದಿಂದ ಕಾಲೇಜಿಗೆಂದು ಬಂದ ಅಕ್ಕನ ಮಗ ‘ಹಾಸ್ಟೆಲ್ ಸಿಗೋವರೆಗೆ’ ಎಂದು ಸೇರಿಕೊಂಡು ವರ್ಷ ಕಳೆದರೆ ಮಾತು ಬೇರೆ. ಇಂಥ ಕಡೆ ಮಾಲೀಕರ ವ್ಯವಹಾರ ಬಾಡಿಗೆದಾರರ ಜೊತೆಗೆ ಮಾತ್ರ ಇರಬೇಕು. ಉಳಿದುಕೊಂಡವರಿಂದ ನೇರವಾಗಿ ಒಂದು ರೂಪಾಯಿಯನ್ನೂ ಪಡೆಯಬೇಡಿ.

ಹೆಚ್ಚಿನವರು ಎಡವುವುದು ಇಲ್ಲೇ. ಬಾಡಿಗೆದಾರರು ಊರಿನಲ್ಲಿಲ್ಲದ ತಿಂಗಳು ಆ ಹುಡುಗನೇ ಫೋನ್‌ಪೇಯಲ್ಲಿ ಬಾಡಿಗೆ ಹಾಕುತ್ತಾನೆ, ಮಾಲೀಕರು ಸುಮ್ಮನಿರುತ್ತಾರೆ. ನಾಲ್ಕೈದು ತಿಂಗಳು ಹೀಗೇ ನಡೆದರೆ ‘ನಾನೂ ಬಾಡಿಗೆದಾರ’ ಎಂದು ವಾದಿಸಲು ಬ್ಯಾಂಕ್ ದಾಖಲೆಯೇ ಅವನ ಕೈಯಲ್ಲಿರುತ್ತದೆ. ಬೇರೆಯವರ ಖಾತೆಯಿಂದ ಹಣ ಬಂದರೆ ಅದೇ ದಿನ ವಾಪಸ್ ಕಳಿಸಿ, ‘ಬಾಡಿಗೆ ನಿಮ್ಮ ಖಾತೆಯಿಂದಲೇ ಬರಲಿ’ ಎಂದು ಬಾಡಿಗೆದಾರರಿಗೆ ಮೆಸೇಜ್ ಮಾಡಿ. ಅವನ ಹೆಸರಿಗೆ ಗ್ಯಾಸ್ ಸಂಪರ್ಕಕ್ಕೋ ಆಧಾರ್ ವಿಳಾಸಕ್ಕೋ ಒಪ್ಪಿಗೆ ಪತ್ರ ಬರೆದುಕೊಡುವುದೂ ಬೇಡ.

ಕರಾರು ಪತ್ರದಲ್ಲಿ ಏನಿರಬೇಕು

ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯ ಮನೆಗೆ 1999ರ ಕರ್ನಾಟಕ ಬಾಡಿಗೆ ಕಾಯ್ದೆ ಅನ್ವಯಿಸುವುದಿಲ್ಲ. ಹೀಗಾಗಿ ಇಂದಿನ ಬಹುತೇಕ ಮನೆಗಳು 1882ರ ಸ್ವತ್ತು ವರ್ಗಾವಣೆ ಕಾಯ್ದೆಯಡಿ ಬರುತ್ತವೆ. ಅದರ ಕಲಂ 108(ಜೆ) ಪ್ರಕಾರ, ಕರಾರಿನಲ್ಲಿ ಬೇಡವೆಂದು ಬರೆಯದಿದ್ದರೆ ಬಾಡಿಗೆದಾರರು ಒಳಬಾಡಿಗೆಗೆ ಕೊಡಬಹುದು! ಟೈಪಿಂಗ್ ಅಂಗಡಿಯ ಸಿದ್ಧ ನಮೂನೆಗೆ ಓದದೆ ಸಹಿ ಹಾಕಬೇಡಿ.

ವಾಸಿಸುವ ಎಲ್ಲರ ಹೆಸರು, ವಯಸ್ಸು ಬರೆಯಿಸಿ. ನೆಂಟರು ಒಂದೇ ಸಲಕ್ಕೆ 15 ದಿನ, ವರ್ಷಕ್ಕೆ ಒಟ್ಟು 30 ದಿನ ಮೀರಿ ಉಳಿಯುವುದಾದರೆ ಲಿಖಿತ ಒಪ್ಪಿಗೆ ಬೇಕು ಎಂದು ಸೇರಿಸಿ. ಈ ಅಂಕಿಗಳನ್ನು ಕಾನೂನು ನಿಗದಿ ಮಾಡಿಲ್ಲ, ಮಾತಾಡಿ ಬದಲಿಸಿಕೊಳ್ಳಬಹುದು. ಒಳಬಾಡಿಗೆ ನಿಷೇಧದ ಜೊತೆಗೆ ‘ಷರತ್ತು ಮುರಿದರೆ ಕರಾರು ರದ್ದುಪಡಿಸಿ ಮನೆಯ ಸ್ವಾಧೀನ ಪಡೆಯುವ ಹಕ್ಕು ಮಾಲೀಕರಿಗಿದೆ’ ಎಂಬ ಸಾಲೂ ಇರಲೇಬೇಕು. ಅದಿಲ್ಲದಿದ್ದರೆ 11 ತಿಂಗಳ ಅವಧಿ ಮುಗಿಯುವ ಮುನ್ನ ಬಿಡಿಸುವುದು ಬಹಳ ಕಷ್ಟ.

ಭೋಗ್ಯದ ಮನೆಗಳಲ್ಲಿ ಇನ್ನೂ ಎಚ್ಚರ ಬೇಕು. ಲಕ್ಷಗಟ್ಟಲೆ ಕೊಟ್ಟವರು ಅದೇ ಮನೆಯನ್ನು ಇನ್ನೊಬ್ಬರಿಗೆ ಬಾಡಿಗೆಗೆ ಕೊಟ್ಟು ‘ನಮ್ಮ ಸಂಬಂಧಿಕರು’ ಎನ್ನುವುದುಂಟು.

ನೆಂಟರೋ, ವಾಸಕ್ಕೇ ಬಂದವರೋ

ಕರೆಂಟ್ ಬಿಲ್ ನೋಡಿ. ಗೃಹಜ್ಯೋತಿಯಲ್ಲಿ ಶೂನ್ಯ ಬರುತ್ತಿದ್ದದ್ದು ಏಕಾಏಕಿ ಏರಿದರೆ, ಸಂಪು ಮೊದಲಿಗಿಂತ ಬೇಗ ಖಾಲಿಯಾದರೆ ವಿಚಾರಿಸಿ. ಅವರ ಹೆಸರಿಗೆ ಕೊರಿಯರ್ ಬರುವುದು, ದಿನವೂ ಅದೇ ಬೈಕ್ ನಿಲ್ಲುವುದು, ಕೀ ಅವರ ಬಳಿಯೂ ಇರುವುದನ್ನು ದಿನಾಂಕದೊಂದಿಗೆ ಬರೆದಿಡಿ. ಬಾಡಿಗೆದಾರರಿಲ್ಲದಾಗ ಮನೆಯೊಳಗೆ ಹೋಗಬೇಡಿ, ಒಂದು ದಿನ ಮೊದಲೇ ತಿಳಿಸಿ ಹೋಗಿ. ಮದುವೆಯಾಗಿ ಬಂದ ಹೆಂಡತಿ, ಹುಟ್ಟಿದ ಮಗು, ಆರೈಕೆಗೆ ಬಂದ ವಯಸ್ಸಾದ ತಾಯಿಯ ವಿಷಯದಲ್ಲಿ ತಕರಾರು ತೆಗೆಯುವುದು ತಪ್ಪು. ಒಳಬಾಡಿಗೆಯೆಂದು ಅದನ್ನು ಸಾಬೀತು ಮಾಡಲೂ ಆಗದು. ಗೋಕುಲಂ ಕಡೆ ಯೋಗ ಕಲಿಯಲು ಬಂದ ವಿದೇಶಿಯರು ಉಳಿದುಕೊಂಡಿದ್ದರೆ ಮಾತ್ರ ತಡ ಮಾಡಬೇಡಿ, 24 ಗಂಟೆಯೊಳಗೆ ವಿದೇಶಿಯರ ನೋಂದಣಿ ಕಚೇರಿಗೆ ಆನ್‌ಲೈನಿನಲ್ಲಿ ವಿವರ ಸಲ್ಲಿಸಬೇಕು.

ಮಾತು, ಆಮೇಲೆ ಕಾಗದ

ಮೊದಲು ಎದುರಿಗೇ ಕೂತು ಮಾತಾಡಿ. ‘ಸರ್, ನಿಮ್ಮ ಭಾವಮೈದ ಎಷ್ಟು ದಿನ ಇರ್ತಾರೆ?’ ಎಂದು ಕೇಳಿ, ಅವರು ಹೇಳಿದ ತಾರೀಖನ್ನು ಅಂದೇ ವಾಟ್ಸ್ಯಾಪಿನಲ್ಲಿ ಹಾಕಿ: ‘ಇವತ್ತು ಮಾತಾಡಿದಂತೆ ನಿಮ್ಮ ಭಾವಮೈದ ಈ ತಿಂಗಳ 30ರೊಳಗೆ ಬೇರೆ ಕಡೆ ಹೋಗುತ್ತಾರೆ. ಕರಾರಿನ ಪ್ರಕಾರ ಅದಕ್ಕಿಂತ ಹೆಚ್ಚು ದಿನಕ್ಕೆ ಒಪ್ಪಿಗೆ ಇಲ್ಲ.’ ಅರ್ಧದಷ್ಟು ತಕರಾರು ಇಲ್ಲೇ ಮುಗಿಯುತ್ತದೆ.

ಇರಲಿ ಎನ್ನಿಸಿದರೆ ಒಂದು ಪುಟದ ಪೂರಕ ಕರಾರು ಸಾಕು. ಅದರಲ್ಲಿ ಹೆಸರು, ಗುರುತಿನ ಚೀಟಿಯ ಪ್ರತಿ, ಕೊನೆಯ ದಿನ, ನೀರಿನ ಹೆಚ್ಚುವರಿ ಹಣ ಇರಲಿ. ‘ಇವರಿಗೆ ಸ್ವತಂತ್ರ ಹಕ್ಕಿಲ್ಲ, ಬಾಡಿಗೆದಾರರು ಬಿಟ್ಟಾಗ ಇವರೂ ಬಿಡಬೇಕು’ ಎಂದು ಬರೆದು ಇಬ್ಬರ ಸಹಿಯನ್ನೂ ಪಡೆಯಿರಿ. ಹೆಚ್ಚುವರಿ ಹಣ ಬಾಡಿಗೆದಾರರಿಂದಲೇ ಬರಬೇಕು.

ಕೇಳದಿದ್ದರೆ ಯಾವ ಷರತ್ತು ಮುರಿದಿದೆ, ಎಂದಿನಿಂದ ಎಂದು ತಿಳಿಸಿ ವಕೀಲರ ಮೂಲಕ ನೋಟಿಸ್ ಕೊಡಿಸಿ, ತಲುಪಿದ ದಾಖಲೆ ಇಟ್ಟುಕೊಳ್ಳಿ. ಅವಧಿ ಮುಗಿದು ತಿಂಗಳಿಂದ ತಿಂಗಳಿಗೆ ನಡೆಯುತ್ತಿರುವ ಬಾಡಿಗೆಗೆ ಸ್ವತ್ತು ವರ್ಗಾವಣೆ ಕಾಯ್ದೆಯ ಕಲಂ 106ರಂತೆ 15 ದಿನದ ನೋಟಿಸ್ ಸಾಕು. ನೋಟಿಸ್ ಕೊಟ್ಟು ಮಾಮೂಲಿಯಂತೆ ಬಾಡಿಗೆ ಪಡೆದರೆ ಷರತ್ತು ಮುರಿದದ್ದನ್ನು ಮನ್ನಿಸಿದಂತೆ ಎಂಬ ವಾದ ಬರುತ್ತದೆ. ಕಲಂ 112 ಮತ್ತು 113 ಇರುವುದೇ ಅದಕ್ಕೆ. ಆ ನಂತರದ ಹಣವನ್ನು ಹೇಗೆ ಪಡೆಯಬೇಕು ಎಂಬುದನ್ನು ವಕೀಲರಿಂದಲೇ ಬರೆಯಿಸಿಕೊಳ್ಳಿ.

ಬೀಗ ಬದಲಿಸುವುದು, ಕರೆಂಟ್ ಅಥವಾ ನೀರು ನಿಲ್ಲಿಸುವುದು, ಸಾಮಾನು ಹೊರಗಿಡುವುದು ಖಂಡಿತ ಬೇಡ. ಹಾಗೆ ಹೊರಹಾಕಿಸಿಕೊಂಡವರು 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ ಕಲಂ 6ರಡಿ ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನ ಮರಳಿ ಪಡೆಯಬಹುದು. ಪೊಲೀಸರೂ ಇದನ್ನು ಸಿವಿಲ್ ವ್ಯಾಜ್ಯ ಎನ್ನುತ್ತಾರೆ. ಬೆದರಿಕೆ, ಹಲ್ಲೆ ನಡೆದರಷ್ಟೇ ಠಾಣೆಗೆ ಹೋಗಿ.

ಬಾಡಿಗೆದಾರರು ಹೋಗಿ ನೆಂಟ ಉಳಿದರೆ

ಮನೆ ಬಿಡುವ ದಿನ ಎಲ್ಲ ಕೋಣೆ ನೋಡಿ, ಎಲ್ಲ ಕೀ ಪಡೆದು, ‘ಖಾಲಿ ಸ್ವಾಧೀನ ಕೊಟ್ಟಿದ್ದೇನೆ’ ಎಂದು ಬರೆಸಿಕೊಂಡ ಮೇಲೆಯೇ ಅಡ್ವಾನ್ಸ್ ವಾಪಸ್ ಕೊಡಿ. ಅವರು ಆಗಲೇ ಹೋಗಿ ನೆಂಟ ಒಳಗಿದ್ದರೆ ನೋಟಿಸನ್ನು ಇಬ್ಬರಿಗೂ ಕಳಿಸಿ, ಸ್ವಾಧೀನದ ದಾವೆಯಲ್ಲಿ ಇಬ್ಬರನ್ನೂ ಪ್ರತಿವಾದಿ ಮಾಡಿ. ಅಲ್ಲಿಯವರೆಗೆ ಕೂತಿದ್ದಕ್ಕೆ ನಷ್ಟ ಪರಿಹಾರವನ್ನೂ ಅದೇ ದಾವೆಯಲ್ಲಿ ಕೇಳಿ.