ಎಲ್ಲೆಲ್ಲಿ ದುಡಿದಿದ್ದೀರಿ ಅಂತ ನಾನು ಕೇಳಲೇ ಇಲ್ಲ

ಕಾರವಾರದಲ್ಲಿ ನನ್ನದು ಸಣ್ಣ ಕ್ಲಿನಿಕ್. ಬೈತಖೋಲ್ ಬಂದರಿನ ಕಡೆಯವರೇ ಜಾಸ್ತಿ ಬರುತ್ತಾರೆ. ಅವರಲ್ಲೊಬ್ಬರು ಹಡಗಿನ ಕೆಲಸಗಾರರು. ಲಿವರಿಗೆ ತಗಲುವ ವೈರಸ್ ಸೋಂಕು ಹೆಪಟೈಟಿಸ್ ಬಿ ಇತ್ತು, ಆದರೆ ವರ್ಷಗಳಿಂದ ರಿಪೋರ್ಟ್ ಚೆನ್ನಾಗಿಯೇ ಬರುತ್ತಿತ್ತು. ಒಂಬತ್ತು ತಿಂಗಳು ಹಡಗಿನಲ್ಲಿದ್ದು ಬಂದ ಮೇಲೆ ನೋಡಿದರೆ ಲಿವರಿಗೆ ಪೆಟ್ಟಾಗಿದೆ ಎಂದು ತೋರಿಸುವ ಲಿವರ್ ಎಂಜೈಮ್ ಸಿಕ್ಕಾಪಟ್ಟೆ ಏರಿತ್ತು. ಬಿ ವೈರಸ್ ಮಾತ್ರ ತೀರಾ ಕಡಿಮೆ, ಹಾಗಾಗಿ ಕಾರಣ ಅದಲ್ಲ ಅನ್ನಿಸಿತು. ಕುಡಿತವೇ ಇರಬೇಕು ಅಂದುಕೊಂಡು ಹಾಗೇ ಕೇಳಿಬಿಟ್ಟೆ. ಜೊತೆಗಿದ್ದ ಹೆಂಡತಿಯ ಮುಖ ಸಪ್ಪಗಾಯಿತು. "ಇವ್ರು ಅದನ್ನ ಮುಟ್ಟೋದೇ ಇಲ್ಲ ಡಾಕ್ಟ್ರೇ" ಅಂದರು. ಆ ಮಾತು ಇವತ್ತಿಗೂ ಚುಚ್ಚುತ್ತದೆ.

ಹೆಪಟೈಟಿಸ್ ಡಿ ಆ ದಿನ ನನಗೆ ಹೊಳೆಯಲಿಲ್ಲ. ನಮ್ಮ ಕಡೆ ಅದು ಅಪರೂಪ ಅಲ್ವಾ. ಡಿ ವೈರಸ್ ಒಂಟಿಯಾಗಿ ಹರಡುವುದಿಲ್ಲ, ಅದಕ್ಕೆ ಬಿ ವೈರಸ್ಸಿನ ಹೊರಕವಚ ಬೇಕು. ಹಾಗಂತ ಬಿ ಇದ್ದಲ್ಲೆಲ್ಲ ಡಿ ಸಮನಾಗಿ ಇರುವುದೂ ಇಲ್ಲ. ಜಗತ್ತಿನಲ್ಲಿ ಬಿ ಇರುವ ನೂರು ಜನರಲ್ಲಿ ಸುಮಾರು 5 ಮಂದಿಗೆ ಡಿ ಇದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಮಂಗೋಲಿಯಾದಲ್ಲಿ ಅದು ಅರ್ಧಕ್ಕಿಂತ ಜಾಸ್ತಿ. ಮಾಲ್ಡೋವಾ, ಪಶ್ಚಿಮ ಮತ್ತು ಮಧ್ಯ ಆಫ್ರಿಕಾದಲ್ಲೂ ಹೆಚ್ಚು. ಅಮೆಜಾನ್ ಕಡೆಯ 3ನೇ ಜೀನೋಟೈಪ್, ಅಂದರೆ ಡಿ ವೈರಸ್ಸಿನ ಒಂದು ತಳಿ, ಲಿವರ್ ಅನ್ನು ಬೇಗ ಹಾಳುಮಾಡುತ್ತದೆ. 1977ರಲ್ಲಿ ಈ ರೋಗದ ಸುಳಿವು ಮೊದಲು ಸಿಕ್ಕಿದ್ದು ಇಟಲಿಯಲ್ಲಿ, ರಿಜೆಟ್ಟೊ ಎಂಬ ವೈದ್ಯರಿಗೆ. ಅಲ್ಲಿ 1991ರಲ್ಲಿ ಮಕ್ಕಳಿಗೆ ಬಿ ಲಸಿಕೆ ಕಡ್ಡಾಯವಾಯಿತು, ಡಿ ಕೂಡ ಇಳಿಯಿತು.

ಮರುವಾರ ಅವರನ್ನು ಮತ್ತೆ ಕರೆಸಿದೆ. ಮೊದಲು ಕ್ಷಮೆ ಕೇಳಿದೆ. ಆಮೇಲೆ ಅರ್ಧ ಗಂಟೆ ಕೂತು ಹಡಗು ಎಲ್ಲೆಲ್ಲಿ ನಿಂತಿತ್ತು ಅಂತ ಕೇಳುತ್ತ ಹೋದೆ. ಪಶ್ಚಿಮ ಆಫ್ರಿಕಾದ ಒಂದು ಬಂದರಿನಲ್ಲಿ ಜ್ವರ ಬಂದು ನಾಲ್ಕು ದಿನ ಇಂಜೆಕ್ಷನ್ ತಗೊಂಡಿದ್ದರು. ಹೊಸ ಪ್ಯಾಕೆಟ್ ಒಡೆದರಾ ಅಂತ ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ನೆ ಕೂತರು. "ಇಲ್ಲ, ಟ್ರೇನಲ್ಲಿದ್ದ ಸೂಜಿಯನ್ನೇ ತೆಗೆದು ಚುಚ್ಚಿದ್ರು."

ರಕ್ತವನ್ನು ಬೆಂಗಳೂರಿನ ಲ್ಯಾಬಿಗೆ ಕಳಿಸಿದೆ. ಡಿ ಆಂಟಿಬಾಡಿ ಪಾಸಿಟಿವ್, ಆರ್‌ಎನ್‌ಎ ಕೂಡ ಪಾಸಿಟಿವ್, ಅಂದರೆ ಡಿ ವೈರಸ್ ರಕ್ತದಲ್ಲಿ ಇನ್ನೂ ಇತ್ತು. ಅವತ್ತೇ ಲಿವರ್ ತಜ್ಞರಿಗೆ ಚೀಟಿ ಬರೆದುಕೊಟ್ಟೆ.

ಹೆಂಡತಿಯ ರಕ್ತವನ್ನೂ ಪರೀಕ್ಷಿಸಿದೆ. ಬಿ ಇರಲಿಲ್ಲ. ಬಿ ತಗಲದಿದ್ದರೆ ಡಿ ಬರುವ ದಾರಿಯೇ ಮುಚ್ಚುತ್ತದೆ, ಹಾಗಾಗಿ ಬಿ ಲಸಿಕೆ ಶುರುಮಾಡಿದೆ. ಮನೆಯಲ್ಲಿ ರೇಜರ್, ಉಗುರು ಕತ್ತರಿ ಬೇರೆಬೇರೆ ಇಡಲು ಹೇಳಿದೆ. ಮೂರನೇ ಡೋಸಿಗೆ ಅವರು ಮಳೆಯಲ್ಲಿ ನೆನೆದುಕೊಂಡೇ ಬಂದರು, ಲಸಿಕೆ ಕಾರ್ಡನ್ನು ಮಾತ್ರ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟುಕೊಂಡಿದ್ದರು.